ಬಚ್ಚಲ ಒಲೆಗೊಂದು ಲಗಾಮು

ದಿವ್ಯಲಿಂಗೇಶ್ವರನ ಗುಡಿ ನೋಡಿಕೊಂಡು ಹೊರಟಿದ್ದ ನನ್ನನ್ನು ಹರದನಹಳ್ಳಿಯ ಒಂದು ಮನೆಯ ಬಚ್ಚಲು ಒಂದೂವರೆ ಗಂಟೆ ಹಿಡಿದಿಟ್ಟುಕೊಂಡಿತು. ತಾಮ್ರದ ಹಂಡೆ, ಮಣ್ಣು ಮೆತ್ತಿದ ಒಲೆ, ಸೂರು ದಾಟಿ ಮೇಲೆದ್ದ ಹೊಗೆ ಕೊಳವೆ. ಇದೆಲ್ಲ ಎಲ್ಲರ ಮನೆಯಲ್ಲೂ ಕಂಡದ್ದೇ. ಆದರೆ ಒಲೆಯಿಂದ ಮೊಳದೆತ್ತರದಲ್ಲಿ ಕೊಳವೆಯಿಂದ ಕಬ್ಬಿಣದ ಹಿಡಿಯೊಂದು ಹೊರಚಾಚಿತ್ತು. ಆ ಮನೆಯ ಅಜ್ಜಿ ಅದನ್ನು ಮೆಲ್ಲಗೆ ತಿರುವಿದರು. ಭರ್‍ರೆನ್ನುತ್ತಿದ್ದ ಉರಿ ತಗ್ಗಿ, ಹಂಡೆಯ ತಳಕ್ಕೆ ಹರಡಿಕೊಂಡಿತು.

“ಮೊದ್ಲು ಬೆಂಕಿ ಎಲ್ಲಾ ಮ್ಯಾಕೇ ಹೊಂಟೋಗದು ಕಣಪ್ಪ, ನೀರು ಮಾತ್ರ ಕಾಯ್ತಿರ್ಲಿಲ್ಲ.”

ಅವರು ಹೇಳಿದ್ದು ಅಪ್ಪಟ ಭೌತಶಾಸ್ತ್ರ. ಕಾದ ಹೊಗೆ ಹಗುರ, ಹೊರಗಿನ ಗಾಳಿ ಭಾರ. 3 ಮೀಟರ್ ಕೊಳವೆಯಲ್ಲಿ 200 ಡಿಗ್ರಿಯ ಹೊಗೆಯಿದ್ದರೆ ಹುಟ್ಟುವ ಸೆಳೆತ ಸುಮಾರು 12 ಪಾಸ್ಕಲ್, ಅಂದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿನ ನೀರಿನ ಒತ್ತಡ. ಅಷ್ಟೇ ಸಾಕು, ಒಣಗಿದ ತೆಂಗಿನ ಮಟ್ಟೆಯ ಶಾಖವನ್ನು ಆಕಾಶಕ್ಕೆ ಸಾಗಿಸಲು.

ಹೀಗೆ ಕೊಳವೆಯಿಟ್ಟ, ಹೊಗೆಯಿಲ್ಲದ ಒಲೆಯ ಕಥೆ ಹೊಸದಲ್ಲ. ಹೈದರಾಬಾದಿನ ಎಸ್.ಪಿ. ರಾಜು 1953ರಲ್ಲೇ ಅದರ ಬಗ್ಗೆ ಪುಸ್ತಕ ತಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ 1980ರ ದಶಕದಲ್ಲಿ ಅಸ್ತ್ರ ಒಲೆ ಕೊಟ್ಟಿತು. ಪ್ರಯೋಗದಲ್ಲಿ ಅದರ ದಕ್ಷತೆ ಶೇ 40 ದಾಟಿತ್ತು. ನನಗೆ ಆ ಒಲೆಯ ಮೇಲೆ ಅಪಾರ ಪ್ರೀತಿ. ಒಲೆ ಹಾಕಿಸಿ ಲೆಕ್ಕ ಬರೆದುಕೊಂಡು ಹೋದರೆ ಕೆಲಸ ಮುಗಿಯಿತೆನ್ನುವ ಯೋಜನೆಗಳ ಮೇಲೆ ಮಾತ್ರ ನಂಬಿಕೆಯಿಲ್ಲ. ಉರಿಸುವವರ ಕೈಗೆ ಸೆಳೆತದ ಹಿಡಿತ ಸಿಗಬೇಕು.

ಅದು ಇಲ್ಲಿ ಸಿಕ್ಕಿತ್ತು. ಚಾಮರಾಜನಗರದ ವೆಲ್ಡಿಂಗ್ ಅಂಗಡಿಯಲ್ಲಿ ಅಜ್ಜಿಯ ಮಗ ಮಾಡಿಸಿದ್ದು: ಕೊಳವೆಯ ಎದುರುಬದುರು ಎರಡು ತೂತು, ಅಡ್ಡಲಾಗಿ ಒಂದು ಸರಳು, ಸರಳಿಗೆ ಬೆಸೆದ ದುಂಡು ತಗಡು. ತಗಡು ಹೇಗೆ ನಿಂತಿದೆಯೋ ಹಿಡಿಯೂ ಹಾಗೇ ನಿಲ್ಲುವಂತೆ ಬಗ್ಗಿಸಿದ್ದಾರೆ. ಹಿಡಿ ನೆಟ್ಟಗಿದ್ದರೆ ದಾರಿ ತೆರೆದಿದೆ, ಅಡ್ಡವಿದ್ದರೆ ಮುಚ್ಚಿದೆ. ಒಳಗೆ ಇಣುಕಬೇಕಿಲ್ಲ. ಸರಳಿನ ತುದಿಗೆ ಸ್ಪ್ರಿಂಗು, ಅದರ ಮೇಲೆ ನಟ್ಟು. ಇಲ್ಲದಿದ್ದರೆ ತಗಡು ತಾನೇ ಹೊರಳಿಬಿಡುತ್ತದೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಆ ತಗಡಿನಲ್ಲಿ ಕತ್ತರಿಸಿ ತೆಗೆದ ಕಾಲು ಭಾಗ. ಮೊದಲು ಪೂರ್ತಿ ದುಂಡಗಿತ್ತಂತೆ. ಒಂದು ರಾತ್ರಿ ಕೆಂಡವಿರುವಾಗಲೇ ಮುಚ್ಚಿದ್ದಕ್ಕೆ ಬಚ್ಚಲೆಲ್ಲ ಹೊಗೆ, ಅಜ್ಜಿಗೆ ತಲೆಸುತ್ತು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ. ಮರುದಿನವೇ ಮಗ ತಗಡನ್ನು ಕತ್ತರಿಸಿದ. ಈಗ ಎಷ್ಟೇ ಮುಚ್ಚಿದರೂ ಹೊಗೆಗೆ ಕಾಲು ದಾರಿ ಉಳಿದಿರುತ್ತದೆ. ಹೀಗೆ ತಗಡು ಹಾಕಿಸುವವರು ಕಾಲು ಭಾಗ ಕತ್ತರಿಸುವುದನ್ನು ಮಾತ್ರ ಮರೆಯಬಾರದು, ಬಚ್ಚಲ ಗವಾಕ್ಷಿಯನ್ನೂ ಮುಚ್ಚಬಾರದು.

ಚಳಿದೇಶಗಳ ಒಲೆಗಳಲ್ಲಿ ಈ ತಗಡಿಗೊಬ್ಬ ಅಣ್ಣನಿದ್ದಾನೆ: ತೂಕ ಕಟ್ಟಿದ ಬಾಗಿಲು. ಸೆಳೆತ ಮಿತಿಮೀರಿದರೆ ಅದು ತಾನೇ ತೆರೆದು ಕೋಣೆಯ ಗಾಳಿಯನ್ನು ಕೊಳವೆಗೆ ಬಿಡುತ್ತದೆ. ಹರದನಹಳ್ಳಿಯಲ್ಲಿ ಆ ಕೆಲಸ ಅಜ್ಜಿಯ ಕಿವಿಯದು. ಉರಿಯ ಸದ್ದು ಕೇಳಿ ಹಿಡಿ ತಿರುವುತ್ತಾರೆ.

ಹೊರಡುವಾಗ ಅವರು ತಣ್ಣಗಿದ್ದ ಇನ್ನೊಂದು ಒಲೆಯ ಕೊಳವೆಗೆ ಸೌದೆಯಿಂದ ತಟ್ಟಿದರು. ಬೊಗಸೆ ಮಸಿ ಉದುರಿತು. “ಇದ್ಕೂ ಒಂದು ಹಾಕ್ಸಬೇಕು” ಎಂದರು.