ಪಣಂಬೂರಿನ ಮೇಲಣ ಗಾಳಿಯನ್ನು ಓದುವ ಬಲೂನು

ತುಳುವರ ಪಗ್ಗು ತಿಂಗಳು ನಡೆಯುತ್ತಿರುವಾಗ, ಅಶ್ವಿನಿ ಭರಣಿ ನಕ್ಷತ್ರಗಳ ಮಳೆ ಬಂದರೂ ಬಂದೀತು, ಬಾರದೆಯೂ ಇದ್ದೀತು ಎಂಬ ದಿನಗಳಲ್ಲಿ, ಮುಂದಿನ ಒಂದು ವಾರದ ಹವೆಯೆಂಬುದು ಕರಾವಳಿಯ ಜನಕ್ಕೆ ಬರಿಯ ಕುತೂಹಲದ ವಿಷಯವಲ್ಲ, ಜೀವನೋಪಾಯದ ವಿಷಯ. ಗೋಕರ್ಣದ ಸಮೀಪದ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುವ ಮೊದಲೇ ಒಂದು ಗಂಟೆ ಮಳೆ ಸುರಿದರೆ ಹಲವು ದಿನಗಳ ಸೂರ್ಯನ ಕೆಲಸವೂ ಅದರೊಡನೆ ಮನುಷ್ಯನ ದುಡಿಮೆಯೂ ನೀರಾಗಿ ಹೋಗುತ್ತವೆ. ಅಂಗಳದಲ್ಲಿ ಹರವಿದ ಅಡಿಕೆ, ಚಾಪೆಯ ಮೇಲಣ ಹಲಸಿನ ಹಪ್ಪಳ, ಕಡಲತಡಿಯ ಒಣಮೀನು ಇವುಗಳ ಗತಿಯೂ ಅದೇ. ಆದರೆ ಅದೇ ಊರಿನಲ್ಲಿ ಬಾವಿಯ ತಳ ಕಂಡ ತೋಟದವನು ಆ ಒಂದು ಮಳೆಗಾಗಿ ಮೂಡಣ ಬೆಟ್ಟಗಳ ಕಡೆಗೆ ದೃಷ್ಟಿ ನೆಟ್ಟು ಕುಳಿತಿರುತ್ತಾನೆ. ಇಬ್ಬರಿಗೂ ಆಕಾಶ ಉತ್ತರ ಕೊಡುವುದಿಲ್ಲ. ಮಧ್ಯಾಹ್ನದವರೆಗೆ ನಿರ್ಮಲವಾಗಿದ್ದ ಬಾನು ಸಂಜೆ ಬೆಳ್ತಂಗಡಿಯಲ್ಲಿ ಸಿಡಿಲು ಮಳೆಯಾಗಿ ಒಡೆಯುತ್ತದೆ, ಉಳ್ಳಾಲದಲ್ಲಿ ಬೆವರಿನ ಹೊರತು ಏನೂ ಸುರಿಯುವುದಿಲ್ಲ. ಮರುದಿನ, ಕಣ್ಣಿಗೆ ಅದೇ ಬಿಸಿಲು ಅದೇ ಧಗೆ ಎಂದು ತೋರಿದರೂ, ಎರಡೂ ಕಡೆ ಹನಿಯಿಲ್ಲ.

ಈ ಚಂಚಲತೆಗೆ ಕಾರಣವಾದುದು ನೆಲದ ಮೇಲೆ ನಿಂತವನ ದೃಷ್ಟಿಗಾಗಲಿ ಚರ್ಮಕ್ಕಾಗಲಿ ಗೋಚರಿಸುವಂಥದಲ್ಲ. ಅದು ನಮ್ಮ ತಲೆಯಿಂದ ಒಂದೆರಡು ಕಿಲೋಮೀಟರು ಮೇಲೆ ಗಾಳಿಯ ಪದರಗಳಲ್ಲಿ ಅಡಗಿದೆ. ಅದನ್ನು ಅಲ್ಲಿಗೇ ಹೋಗಿ ಅಳೆದು ತಿಳಿಸುವ ಯಂತ್ರವೇ ರೇಡಿಯೋಸಾಂಡ್. ಭಾರತದ ಹವಾಮಾನ ಇಲಾಖೆಯು ಮಂಗಳೂರಿನ ಪಣಂಬೂರಿನಿಂದ ಇದನ್ನು ಮೇಲಕ್ಕೆ ಬಿಡುತ್ತದೆ. ಯಂತ್ರವೆಂದೊಡನೆ ಮನಸ್ಸಿಗೆ ಬರುವ ಭಾರವಾಗಲಿ ಸದ್ದಾಗಲಿ ಇದಕ್ಕಿಲ್ಲ. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ, ನೂರಿನ್ನೂರು ಗ್ರಾಂ ತೂಕದ ಒಂದು ಹಗುರ ಪೆಟ್ಟಿಗೆ. ಅದರಿಂದ ಹೊರಕ್ಕೆ ಚಾಚಿದ ತೆಳುವಾದ ಕಡ್ಡಿಯ ತುದಿಯಲ್ಲಿ ಉಷ್ಣತೆಯನ್ನರಿಯುವ ಮಣಿಯಷ್ಟು ಸಣ್ಣ ಸಂವೇದಕ, ಅದರ ಪಕ್ಕದಲ್ಲಿ ತೇವವನ್ನು ಹೀರಿ ಬಿಡುವ ಒಂದು ಪ್ಲಾಸ್ಟಿಕ್ ಪೊರೆ. ಒಳಗೆ ಬ್ಯಾಟರಿ, ಉಪಗ್ರಹಗಳಿಂದ ತನ್ನ ಸ್ಥಾನವನ್ನು ಕಂಡುಕೊಳ್ಳುವ ಜಿಪಿಎಸ್, ಕಂಡುದನ್ನೆಲ್ಲ ಕ್ಷಣಕ್ಷಣಕ್ಕೂ ಕೆಳಗೆ ಹೇಳುವ ಪ್ರೇಷಕ. ಹಿಂದಿನ ಯಂತ್ರಗಳಲ್ಲಿ ಆ ಪೊರೆಯ ಸ್ಥಾನದಲ್ಲಿ ಮನುಷ್ಯನ ಕೂದಲೇ ಇರುತ್ತಿದ್ದುದುಂಟು. ಒದ್ದೆಯ ಗಾಳಿಯಲ್ಲಿ ಕೂದಲು ಕಿಂಚಿತ್ತು ಉದ್ದವಾಗುತ್ತದೆ, ಒಣಗಾಳಿಯಲ್ಲಿ ಕುಗ್ಗುತ್ತದೆ ಎಂಬ ಅಲ್ಪ ಸಂಗತಿಯ ಮೇಲೆ ಒಂದು ಕಾಲದ ಆರ್ದ್ರತಾಮಾಪನವೆಲ್ಲ ನಿಂತಿತ್ತೆಂಬುದು ನನಗೆ ಇಂದಿಗೂ ವಿಸ್ಮಯದ ಮಾತು.

ಹೈಡ್ರೊಜನ್ ತುಂಬಿದ ರಬ್ಬರಿನ ಬಲೂನು ಈ ಪೆಟ್ಟಿಗೆಯನ್ನು ದಾರದಲ್ಲಿ ತೂಗಿಸಿಕೊಂಡು ಸೆಕೆಂಡಿಗೆ ಸುಮಾರು 5 ಮೀಟರಿನಂತೆ ಏರುತ್ತದೆ. ಐದೂವರೆ ಕಿಲೋಮೀಟರಿನ ಎತ್ತರದಲ್ಲಿ ಸುತ್ತಣ ಗಾಳಿಯ ಒತ್ತಡ ನೆಲದ ಒತ್ತಡದ ಅರ್ಧಕ್ಕಿಳಿದಿರುತ್ತದೆ. ಮೂವತ್ತು ಕಿಲೋಮೀಟರಿನಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಹೊರಗಣ ಒತ್ತಡ ಕಡಮೆಯಾದಂತೆಲ್ಲ ಬಲೂನು ಹಿಗ್ಗುತ್ತ ಹಿಗ್ಗುತ್ತ, ನೆಲದಲ್ಲಿ ಮನುಷ್ಯನೆತ್ತರವಿದ್ದುದು ಒಂದು ಕೋಣೆಯನ್ನೇ ತುಂಬುವಷ್ಟಾಗಿ, ಕೊನೆಗೆ ಒಡೆಯುತ್ತದೆ. ಪೆಟ್ಟಿಗೆ ಪುಟ್ಟ ಪ್ಯಾರಾಶೂಟಿನಲ್ಲಿ ಇಳಿದು ಕಡಲಿಗೋ ಕಾಡಿಗೋ ಬೀಳುತ್ತದೆ. ಅದನ್ನು ಹುಡುಕಬೇಕಾಗಿಲ್ಲ. ಹೇಳಬೇಕಾದುದನ್ನು ಅದು ದಾರಿಯಲ್ಲೇ ಹೇಳಿ ಮುಗಿಸಿರುತ್ತದೆ.

ಹೇಳುವುದೇನನ್ನು? ನೆಲದಿಂದೇಳುವ ಬಿಸಿಗಾಳಿ, ಅದರ ಆವಿ ಹನಿಗಟ್ಟುವವರೆಗೆ, ಪ್ರತಿ ಕಿಲೋಮೀಟರಿಗೂ ಹತ್ತು ಡಿಗ್ರಿಗೆ ಸಮೀಪವಾಗಿ ತಣಿಯುತ್ತದೆ. ಹನಿಗಟ್ಟಲಾರಂಭಿಸಿದೊಡನೆ ಈ ಲೆಕ್ಕ ಬದಲಾಗುತ್ತದೆ. ಒಂದು ಗ್ರಾಂ ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖ ಸುಮಾರು 580 ಕ್ಯಾಲರಿಗಳಾದುದರಿಂದ, ಏರುವ ಗಾಳಿಯ ತಣಿವು ಅರ್ಧಕ್ಕೆ ಇಳಿಯುತ್ತದೆ. 30 ಡಿಗ್ರಿಯ ಒಂದು ಘನಮೀಟರು ಗಾಳಿ ಹೆಚ್ಚೆಂದರೆ 30 ಗ್ರಾಂನಷ್ಟು ಆವಿಯನ್ನು ಹೊರಬಲ್ಲುದು. ಏಪ್ರಿಲ್ ಮೇ ತಿಂಗಳಿನ ಅರಬ್ಬೀ ಸಮುದ್ರವು ತಾನೇ ಆ ಉಷ್ಣತೆಯ ಆಸುಪಾಸಿನಲ್ಲಿದ್ದು ಆವಿಯನ್ನು ಧಾರಾಳವಾಗಿ ನೀಡುತ್ತಿರುವಾಗ, ಕರಾವಳಿಯ ಗಾಳಿಯಲ್ಲಿ ಗುಡುಗು ಮಳೆಗೆ ಬೇಕಾದ ಇಂಧನಕ್ಕೆ ಎಂದೂ ಕೊರತೆಯಿಲ್ಲ. ಹಾಗಿದ್ದೂ ದಿನದಿನವೂ ಮಳೆಯಾಗುವುದಿಲ್ಲವೇಕೆಂದರೆ, ಒಂದೆರಡು ಕಿಲೋಮೀಟರಿನ ಎತ್ತರದಲ್ಲಿ ಹಲವೊಮ್ಮೆ ಒಣಗಿದ, ಬೆಚ್ಚನೆಯ ಗಾಳಿಯ ಪದರವೊಂದು, ಕುದಿಯುವ ಅನ್ನದ ಪಾತ್ರೆಗೆ ಮುಚ್ಚಳವಿಟ್ಟಂತೆ, ಹರಡಿಕೊಂಡಿರುತ್ತದೆ. ಕೆಳಗಿನಿಂದ ಬಂದ ಗಾಳಿ ಅಲ್ಲಿ ತನ್ನ ಸುತ್ತಲಿಗಿಂತ ತಂಪಾಗಿ, ಭಾರವಾಗಿ, ಏರುವುದನ್ನು ನಿಲ್ಲಿಸುತ್ತದೆ. ಅಂಥ ದಿನ ನಮ್ಮ ಪಾಲಿಗೆ ಬರುವುದು ಸೆಕೆ ಮಾತ್ರ.

ಬಲೂನು ಈ ಪದರವನ್ನು ಹಾದುಹೋಗುವಾಗ, ಎತ್ತರದೊಡನೆ ಇಳಿಯುತ್ತಿರಬೇಕಾದ ಉಷ್ಣತೆ ಒಮ್ಮೆಲೇ ಮೇಲೇರುವುದೂ ಆರ್ದ್ರತೆ ದಿಢೀರನೆ ಕುಸಿಯುವುದೂ ನಕ್ಷೆಯ ಮೇಲಣ ಗೆರೆಯಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಗ್ರೀನ್‌ವಿಚ್ಚಿನ ಸೊನ್ನೆ ಗಂಟೆ ನಮಗೆ ಬೆಳಗಿನ 5.30, ಜಗತ್ತಿನ ಎಲ್ಲೆಡೆಯ ವೀಕ್ಷಣಾಲಯಗಳೂ ಆ ಒಂದೇ ಹೊತ್ತಿಗೆ ತಮ್ಮ ಗಾಳಿಯನ್ನು ಅಳೆಯುವುದು ಪದ್ಧತಿ. ಆ ಮುಂಜಾವಿನ ಗೆರೆಯನ್ನು ಹಿಡಿದು ಮುನ್ಸೂಚಕನು ಮಾಡುವ ಗಣಿತ ಬಲು ಸುಂದರವಾದುದು: ಈ ಮುಚ್ಚಳ ಒಡೆಯಬೇಕಾದರೆ ನೆಲದ ಗಾಳಿ ಇಂದು ಎಷ್ಟು ಡಿಗ್ರಿಗೆ ಕಾಯಬೇಕು? ಉತ್ತರ 36 ಎಂದು ಬಂತೆನ್ನಿ. ಮಂಗಳೂರಿನಲ್ಲಿ ಹೊತ್ತೇರುತ್ತಿದ್ದಂತೆ ಕಡಲಗಾಳಿ ಬೀಸತೊಡಗಿ ಉಷ್ಣತೆಯನ್ನು ಅದಕ್ಕಿಂತ ಕೆಳಗೇ ತಡೆದುಬಿಡುವುದರಿಂದ ಅಲ್ಲಿ ಮೋಡ ಬೆಳೆಯದು. ಆದರೆ ಅದೇ ಕಡಲಗಾಳಿ ಒಳನಾಡಿಗೆ ಸಾಗಿ, ಪುತ್ತೂರು ಸುಳ್ಯಗಳ ಹೆಚ್ಚಿನ ಕಾವನ್ನೂ ಘಟ್ಟದ ಇಳಿಜಾರಿನ ಎತ್ತುವಿಕೆಯನ್ನೂ ಕೂಡಿಕೊಂಡಾಗ, ಅಪರಾಹ್ನದ ವೇಳೆಗೆ ಮುಚ್ಚಳ ಅಲ್ಲಿ ಒಡೆಯುತ್ತದೆ. ಆಗ ಹುಟ್ಟಿದ ಮೋಡ ಘಟ್ಟದಲ್ಲೇ ಕರಗುವುದೋ, ಸಂಜೆ ಕಡಲತಡಿಯವರೆಗೆ ಬರುವುದೋ ಎಂಬುದು ಮೇಲಣ ಗಾಳಿಯ ದಿಕ್ಕನ್ನು ಬಹುಮಟ್ಟಿಗೆ ಅವಲಂಬಿಸಿದೆ. ಮೂಡುಗಾಳಿಯಿದ್ದರೆ ಬರುವ ಸಂಭವ ಹೆಚ್ಚು. ಏರುತ್ತಿರುವ ಬಲೂನು ಎತ್ತ ಸರಿಯಿತೆಂಬುದರಿಂದಲೇ ಅದೂ ತಿಳಿಯುತ್ತದೆ.

ಫ್ರಾನ್ಸಿನ ರಾಬರ್ಟ್ ಬ್ಯೂರೋ 1929ರಲ್ಲಿ, ರಷ್ಯದ ಪಾವೆಲ್ ಮೊಲ್ಚನೋವ್ 1930ರಲ್ಲಿ, ಕಂಡುದನ್ನು ದಾರಿಯಲ್ಲೇ ಹೇಳುವ ಇಂಥ ಯಂತ್ರಗಳನ್ನು ಹಾರಿಸಿದರು. ಅದಕ್ಕೆ ಮುನ್ನ ಬಲೂನು ಹೊತ್ತೊಯ್ದ ಲೇಖನಯಂತ್ರ ಎಲ್ಲಿ ಬಿತ್ತೋ ಅಲ್ಲಿಂದ ಯಾರಾದರೂ ತಂದುಕೊಡುವವರೆಗೆ ಕಾಯಬೇಕಾಗಿತ್ತು. ಹಾಗೆ ಆಗ್ರಾದಿಂದ ಹಾರಿಬಿಟ್ಟ ಬಲೂನುಗಳ ದಾಖಲೆಗಳನ್ನು ಅಭ್ಯಸಿಸಿಯೇ, ಪಾಲಕ್ಕಾಡಿನ ಕೆ. ಆರ್. ರಾಮನಾಥನ್ ಅವರು ಉಷ್ಣವಲಯದ ಮೇಲೆ ಹವಾಮಂಡಲದ ಕೆಳಸ್ತರವು ಧ್ರುವಪ್ರದೇಶಕ್ಕಿಂತ ಬಹಳ ಎತ್ತರಕ್ಕೆ ಹಬ್ಬಿದೆಯೆಂದೂ ಅದರ ಮೇಲ್ಗಡಿಯಲ್ಲಿ ಅತಿಶಯವಾದ ಶೈತ್ಯವಿದೆಯೆಂದೂ 1920ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಸಿಡಿಲುಮೋಡಗಳು ನಮ್ಮಲ್ಲಿ 15 ಕಿಲೋಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲವೇಕೆಂಬುದಕ್ಕೆ ಉತ್ತರ ಆ ಶೋಧದಲ್ಲಿದೆ.

ಬಲೂನಿನ ಮಾತು ಅದೇ ದಿನಕ್ಕೆ ದೃಢವಾದುದು; ವಾರದ ಕೊನೆಯ ಹವೆಯನ್ನು ತಿಳಿಯಬೇಕಾದರೆ ಜಗತ್ತಿನ ಎಲ್ಲ ಬಲೂನುಗಳ, ಉಪಗ್ರಹಗಳ, ಹಡಗುಗಳ ಅಳತೆಗಳನ್ನು ಗಣಕಕ್ಕೆ ಒಪ್ಪಿಸಿ ಹವಾಮಂಡಲವನ್ನೇ ಮುಂದಕ್ಕೆ ನಡೆಸಿ ನೋಡಬೇಕು. ಆರಂಭದ ಅಳತೆಯಲ್ಲಿ ಉಳಿದ ಕಿರುದೋಷ ದಿನದಿನಕ್ಕೆ ಬೆಳೆಯುವುದೆಂದು ಹವಾವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದ ಬಳಿಕ, ಐದನೆಯ ದಿನ ಯಾವ ಊರಿನಲ್ಲಿ ಸಿಡಿಲುಮಳೆ ಎಂದು ಕೇಳುವುದು ಸಲ್ಲದು. ಇಲಾಖೆಯ ಮುನ್ಸೂಚನೆ ‘ಒಂದೆರಡು ಕಡೆ’ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ, ‘ಕೆಲವೆಡೆ’ ಎಂದರೆ 50ರವರೆಗೆ ಮಳೆ ಕಂಡಾವೆಂದು ಅರ್ಥ; ತನ್ನ ಅಂಗಳದ ಮಾತು ಅದರಲ್ಲಿಲ್ಲವೆಂಬುದನ್ನು ಅಡಿಕೆ ಹರವಿದವನು ನೆನಪಿಡಬೇಕು.

ಇಷ್ಟಿದ್ದೂ ನಮ್ಮ ಕರಾವಳಿಗೆ ವಿಶೇಷವಾದ ಒಂದು ಕೊರತೆಯಿದೆ. ಬಲೂನನ್ನು ಹಾರಿಸಲು ಕಾಲೂರುವ ನೆಲ ಬೇಕು; ಪಣಜಿ, ಮಂಗಳೂರು, ಕೊಚ್ಚಿಗಳಿಂದ ಪಶ್ಚಿಮಕ್ಕೆ ಲಕ್ಷದ್ವೀಪವನ್ನು ಬಿಟ್ಟರೆ ಸಾವಿರಾರು ಕಿಲೋಮೀಟರು ನೀರೇ ನೀರು. ನಮ್ಮ ಮಳೆಯ ಆವಿ ಬಹುಮಟ್ಟಿಗೆ ಬರುವುದು ಆ ಕಡೆಯಿಂದ. ಅಲ್ಲಿಯ ಗಾಳಿಯನ್ನು ಉಪಗ್ರಹಗಳು ಮೇಲಿನಿಂದ ನೋಡುತ್ತವೆ, ನಿಜ. ಆದರೆ ಮುಚ್ಚಳವಾಗಿ ಕೂಡುವ ಆ ತೆಳುಪದರದ ಎತ್ತರವನ್ನೂ ಕಾವನ್ನೂ ಅದರೊಳಗೇ ಹಾದುಹೋದ ಬಲೂನಿನಷ್ಟು ಸೂಕ್ಷ್ಮವಾಗಿ ಅವು ಹೇಳಲಾರವು. ಹಡಗುಗಳ ಮೇಲಿನಿಂದ ಬಲೂನು ಹಾರಿಸುವುದು ಸಾಧ್ಯ, ಲೋಕದ ಕೆಲವು ಕಡಲುಗಳಲ್ಲಿ ರೂಢಿಯಲ್ಲೂ ಇದೆ; ಅರಬ್ಬೀ ಸಮುದ್ರದಲ್ಲಿ ಚೈತ್ರದಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗಾದರೂ ಅದು ನಿತ್ಯದ ಕೆಲಸವಾಗಬೇಕು, ಅದಕ್ಕೆ ತಗಲುವ ವೆಚ್ಚವನ್ನು ಆಗರದ ಉಪ್ಪಿನ ಮತ್ತು ದೋಣಿಯ ಜನರ ಲೆಕ್ಕದಿಂದ ನೋಡಬೇಕು ಎಂದು ನಾನು ನಂಬಿದ್ದೇನೆ.