ಬಿಡದಿಯ ಬಾಳಿಕೆ, ಘಾಟಿಯ ಹುರುಪು

ಜಪಾನಿನ ಕಾರು ದಾರಿಯಲ್ಲಿ ಕೈಕೊಡುವುದಿಲ್ಲ, ಜರ್ಮನಿಯ ಕಾರು ಓಡಿಸಲು ಸೊಗಸು ಎಂಬ ಎರಡು ಮಾತಿಗೂ ಆಧಾರವಿದೆ. ಮೈಸೂರಿನ ಚಾಮರಾಜಪುರಂನಿಂದ ಹೊರಡುವವರಿಗೆ ಎರಡನ್ನೂ ಒರೆಗೆ ಹಚ್ಚುವ ದಾರಿಗಳು ಹತ್ತಿರದಲ್ಲೇ ಇವೆ. ಬೆಂಗಳೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ. ಇತ್ತ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿಯಿಂದ ಏರಿದರೆ ಊಟಿಯ ಕಲ್ಲಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವುಗಳು.

ಟೊಯೊಟಾ 1997ರಲ್ಲಿ ಕಿರ್ಲೋಸ್ಕರ್ ಸಮೂಹದೊಡನೆ ಬಿಡದಿಗೆ ಬಂತು. 2000ದಲ್ಲಿ ಮಾರುಕಟ್ಟೆಗೆ ಬಿಟ್ಟ ಕ್ವಾಲಿಸ್ ನೋಟಕ್ಕೆ ಹಳೆಯದು, ಓಟಕ್ಕೆ ನಿಧಾನ. ಅದರ 2.4 ಲೀಟರ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇರಲಿಲ್ಲ, ಶಕ್ತಿ ಸುಮಾರು 75 ಅಶ್ವಶಕ್ತಿ ಮಾತ್ರ. ಆದರೆ ದೊಡ್ಡ ಎಂಜಿನ್‌ನಿಂದ ಕಡಿಮೆ ಕೆಲಸ ತೆಗೆದರೆ ಸವೆತವೂ ಕಡಿಮೆ; ಟ್ಯಾಕ್ಸಿ ಮಾಲೀಕರು ಅದನ್ನು ಮೆಚ್ಚಿದ್ದು ಇದಕ್ಕೇ. 2005ರಲ್ಲಿ ಬಂದ ಇನ್ನೋವಾ ಕೂಡ ಲಾರಿಗಳಂತೆ ಪ್ರತ್ಯೇಕ ಚಾಸಿಯ ಮೇಲೆ ಕೂತ ಗಾಡಿ. ಚೆನ್ನಾಗಿ ಪಳಗಿದ ಬಿಡಿಭಾಗವನ್ನೇ ಮುಂದುವರಿಸುವುದು, ದೋಷ ಕಂಡ ಕೆಲಸಗಾರನೇ ಉತ್ಪಾದನಾ ಸಾಲನ್ನು ನಿಲ್ಲಿಸಬಹುದಾದ ಪದ್ಧತಿ, ಈ ಎರಡೂ ಟೊಯೊಟಾದ ಬಾಳಿಕೆಯ ಬೇರುಗಳು. ಹಾಗೆಂದು ಅದೇನೂ ಹುಟ್ಟುಗುಣವಲ್ಲ: ಆಕ್ಸಿಲರೇಟರ್ ಪೆಡಲ್ ತೊಂದರೆಗಾಗಿ ಇದೇ ಕಂಪನಿ 2009–10ರಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಬೇಕಾಯಿತು.

ಜರ್ಮನ್ ಕಾರಿನ ಗುಣ ತಿಳಿಯುವುದು ಘಾಟಿಯಲ್ಲಿ. ವೇಗಮಿತಿಯಿಲ್ಲದ ಆಟೊಬಾನ್ ಭಾಗಗಳಿರುವ ದೇಶದಲ್ಲಿ ಸ್ಥಿರತೆ, ಬ್ರೇಕು, ಸ್ಟೀರಿಂಗ್‌ನ ನಿಖರತೆ ಐಷಾರಾಮವಲ್ಲ, ಅಗತ್ಯ. ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗಿ 2010ರಿಂದ 2022ರವರೆಗೆ ಇಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೋ ಆ ಗುಣವನ್ನು ಮಧ್ಯಮ ವರ್ಗದ ಮನೆ ಬಾಗಿಲಿಗೆ ತಂದಿತು. 2013ರ ಜಿಟಿ ಟಿಎಸ್‌ಐ ಮಾದರಿ 1.2 ಲೀಟರ್‌ನ ಪುಟ್ಟ ಎಂಜಿನ್‌ನಿಂದಲೇ ಟರ್ಬೊ ಬಲದಲ್ಲಿ 105 ಅಶ್ವಶಕ್ತಿ ಹೊಮ್ಮಿಸುತ್ತಿತ್ತು. ಡಿಎಸ್‌ಜಿ ಎಂಬ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಕಣ್ಣೆವೆ ಇಕ್ಕುವಷ್ಟರಲ್ಲಿ ಗೇರ್ ಬದಲಿಸುತ್ತಿತ್ತು. ತಿರುವಿನಲ್ಲಿ ಕಾರು ನೆಲ ಕಚ್ಚಿ ತಿರುಗುವ ಆ ಸುಖವನ್ನು ಇನ್ನೋವಾ ಕೊಡಲಾರದು.

ಸುಖಕ್ಕೆ ಬೆಲೆಯೂ ಇದೆ. ಆ ಡಿಎಸ್‌ಜಿಯ ಜೋಡಿ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ಗಳು. ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಅವು ಬಿಸಿಯೇರುತ್ತವೆ. ಡಿಎಸ್‌ಜಿ ದೋಷದಿಂದಾಗಿ 2013ರಲ್ಲಿ ಚೀನಾದಲ್ಲಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಲಾಯಿತು.

ಜರ್ಮನ್ ತಂತ್ರಜ್ಞಾನವೇ ನಾಜೂಕು ಎನ್ನುವುದು ಮಾತ್ರ ಅನ್ಯಾಯ. ಜರ್ಮನಿಯ ಬಾಷ್ ತಂತ್ರಜ್ಞಾನದೊಡನೆ 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿಯ ಡೀಸೆಲ್ ಪಂಪುಗಳು ದಶಕಗಳ ಕಾಲ ಲಾರಿ, ಟ್ರ್ಯಾಕ್ಟರುಗಳನ್ನು ಓಡಿಸಿದವು. ಬಿಡಿಭಾಗವೂ ಬಲ್ಲ ಮೆಕ್ಯಾನಿಕ್ಕೂ ಊರೂರಲ್ಲಿ ಸಿಗುತ್ತಿದ್ದುದೇ ಅವುಗಳ ಬಲ. ಒಟ್ಟಿನಲ್ಲಿ, ಹತ್ತು ವರ್ಷ ಒಂದೇ ಕಾರು ಇಟ್ಟುಕೊಳ್ಳುವ ಮನೆಗೆ ಜಪಾನಿನದೇ ಸರಿಯಾದ ಆಯ್ಕೆ. ವಾರಂಟಿ ಇರುವಷ್ಟು ಕಾಲ ಓಡಿಸಿ ಬದಲಿಸುವವರು, ಚಾಲನೆಯನ್ನೇ ಪ್ರೀತಿಸುವವರು ಜರ್ಮನ್ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಆದರೆ ಸರ್ವಿಸ್ ದಾಖಲೆ ನೋಡಿ, ಗೇರ್‌ಬಾಕ್ಸನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂಗಡ ಕೊಡಬೇಕು.