ಮೊದಲ ಕಾದಂಬರಿಯ ತೊಡಕು

ಕಳೆದ ಬೇಸಗೆಯ ರಜೆಯಲ್ಲಿ ನಾನೊಂದು ಕಾದಂಬರಿಯನ್ನು ಬರೆಯಲು ಕುಳಿತೆ. ವಸ್ತುವಿಗೇನೂ ಕೊರತೆಯಿರಲಿಲ್ಲ, ನಮ್ಮೂರ ಕೆರೆಯ ನೀರಿಗಾಗಿ ಎರಡು ಮನೆತನಗಳ ನಡುವೆ ನಡೆದ ವ್ಯಾಜ್ಯವೇ ಸಾಕಾಗಿತ್ತು. ಎರಡು ಪ್ರಕರಣಗಳು ಸರಾಗವಾಗಿ ಸಾಗಿದುವು. ಅವನ್ನು ಓದಿದ ನಮ್ಮ ಚಿಕ್ಕಪ್ಪನವರು, "ಏನಯ್ಯಾ, ಮನೆಯ ಮಾತನ್ನು ಊರ ಮುಂದೆ ಹರವುತ್ತೀಯಾ?" ಎಂದು ಕೇಳಿ ಎದ್ದುಹೋದರು. ಅಂದಿನಿಂದ ಒಂದು ಸಾಲು ಬರೆಯಹೋದರೂ ಅವರ ಮುಖವೇ ಎದುರಿಗೆ ನಿಲ್ಲುತ್ತಿತ್ತು. ದೊಡ್ಡ ಲೇಖಕರು ಮೊದಮೊದಲ ಪುಸ್ತಕಗಳಲ್ಲಿ ಇಂಥ ತೊಡಕುಗಳನ್ನು ಹೇಗೆ ಬಿಡಿಸಿಕೊಂಡರೆಂದು ತಿಳಿಯುವ ಆಸೆಯಿಂದ ಗ್ರಂಥಾಲಯವನ್ನು ಹೊಕ್ಕೆ.

ಮೊದಲು ಕೈಗೆ ಸಿಕ್ಕಿದವರು ಆರ್. ಕೆ. ನಾರಾಯಣ್. 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ, ಅವರು ನೋಟುಪುಸ್ತಕವೊಂದನ್ನು ಕೊಂಡು ಬರೆಯಲು ಕುಳಿತರಂತೆ. ಏನು ಬರೆಯಬೇಕೆಂದು ತೋಚದೆ ಲೇಖನಿಯನ್ನು ಕಚ್ಚುತ್ತಿರುವಾಗ ಸಣ್ಣದೊಂದು ರೈಲು ನಿಲ್ದಾಣ ಮನಸ್ಸಿಗೆ ಕಾಣಿಸಿತು, ಅದೇ ಮಾಲ್ಗುಡಿ. ಕಲ್ಪನೆಯ ಊರಾದುದರಿಂದ ಅವರಿಗೆ ದೊರೆತ ಸ್ವಾತಂತ್ರ್ಯ ಎಷ್ಟೆಂಬುದನ್ನು ನೋಡಿ. ಮದರಾಸಿನಲ್ಲಿ ತಾವು ಕಲಿತ ಮಿಷನ್ ಶಾಲೆಯ ನೆನಪನ್ನು ಅಲ್ಲಿ ತಂದಿರಿಸಬಹುದು. ಮೈಸೂರು ನಗರದೊಳಗೆ ಹರಿಯದ ನದಿಯೊಂದನ್ನು ಸರಯೂ ಎಂದು ಹರಿಸಬಹುದು. 'ಆ ಬೀದಿಯಲ್ಲಿ ಅಂಥ ಮನೆಯೇ ಇಲ್ಲವಲ್ಲ' ಎನ್ನುವವರ ಕಾಟವಿಲ್ಲ. ನನ್ನನ್ನು ಇನ್ನೂ ಸೆಳೆದುದು ಬೇರೊಂದು ಸಂಗತಿ. 'ಸ್ವಾಮಿ ಅಂಡ್ ಫ್ರೆಂಡ್ಸ್' ಮೊದಲಾಗುವುದು ನಿಲ್ದಾಣದಲ್ಲಲ್ಲ, ಸೋಮವಾರದ ಬೆಳಗ್ಗೆ ಶಾಲೆಯ ಚಿಂತೆಯಲ್ಲಿ. ನಿಲ್ದಾಣ ಬರುವುದು ಕಟ್ಟಕಡೆಗೆ, ರಾಜಂ ಊರು ಬಿಟ್ಟು ಹೋಗುವಾಗ. ಮೊದಲು ಹೊಳೆದುದನ್ನು ಮೊದಲೇ ಇಡಬೇಕೆಂಬ ಕಟ್ಟೇನೂ ಇಲ್ಲವೆಂದಾಯಿತು! ಹಸ್ತಪ್ರತಿ ಪ್ರಕಾಶಕರಿಂದ ಹಿಂದಿರುಗುತ್ತಲೇ ಇದ್ದು, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡೆಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಅವರು ಬರೆದುದೂ ಉಂಟು. ಗೆಳೆಯ ಅದನ್ನು ಗ್ರಹಾಂ ಗ್ರೀನ್ ಅವರಿಗೆ ತೋರಿಸಿದನು. 1935ರಲ್ಲಿ ಪುಸ್ತಕ ಹೊರಬಂದಿತು.

ಊರಿನ ಹೆಸರನ್ನು ಬದಲಿಸಿದರೆ ನನ್ನ ಕಷ್ಟ ತೀರುವುದೆಂದುಕೊಂಡೆ. ತೀರಲಿಲ್ಲ. ಕತೆಯನ್ನು ಹೇಳುತ್ತಿದ್ದವನು ಕಾಲೇಜಿನಲ್ಲಿ ಓದಿದ ನಾನೇ. ನಮ್ಮೂರವರ ಬಾಯಲ್ಲೆಲ್ಲ ನನ್ನ ಪುಸ್ತಕದ ಭಾಷೆ.

ಇಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾಯರ 'ಕಾಂತಾಪುರ' (1938) ನೆರವಿಗೆ ಬಂದಿತು. ಮೊದಲು 'ಜಯಕರ್ನಾಟಕ'ದಲ್ಲಿ ಕನ್ನಡದಲ್ಲಿಯೇ ಬರೆಯುತ್ತಿದ್ದ ಇವರ ಎದುರಿಗಿದ್ದ ತೊಡಕು ನನ್ನದಕ್ಕಿಂತ ಬಹಳ ದೊಡ್ಡದು: ಸಹ್ಯಾದ್ರಿಯ ಮಡಿಲಿನ ಹಳ್ಳಿಗೆ ಗಾಂಧೀಜಿಯವರ ಚಳವಳಿ ಬಂದ ಬಗೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಅವರು ಕತೆಯನ್ನು ಅಚ್ಚಕ್ಕನೆಂಬ ಮುದುಕಿಯ ಬಾಯಿಗೆ ಕೊಟ್ಟುಬಿಟ್ಟರು. ಸಂಜೆ ಜಗಲಿಯ ಮೇಲೆ ಕುಳಿತು ಸ್ಥಳಪುರಾಣ ಹೇಳುವಂತೆ ಆಕೆ ಹೇಳುತ್ತಾಳೆ. ವಾಕ್ಯದ ಬಾಲಕ್ಕೆ ವಾಕ್ಯ ಸೇರುತ್ತ ಹೋಗುತ್ತದೆ. ಪದ ಇಂಗ್ಲಿಷಿನವು, ಉಸಿರು ನಮ್ಮದು. ಬಂಕಿಮಚಂದ್ರರು ಹಿಡಿದದ್ದು ಇನ್ನೊಂದು ದಾರಿ: 1864ರಲ್ಲಿ ಇಂಗ್ಲಿಷಿನಲ್ಲಿ ಒಂದು ಕಾದಂಬರಿಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಮರುವರ್ಷವೇ 'ದುರ್ಗೇಶನಂದಿನಿ'ಯೊಡನೆ ಬಂಗಾಳಿಗೆ ಮರಳಿದರು.

ಕೆಲವೊಮ್ಮೆ ಕತೆಗೆ ತೊಡಿಸಿದ ಅಂಗಿಯೇ ಬಿಗಿಯಾಗಿರುತ್ತದೆ. ಜೇನ್ ಆಸ್ಟೆನ್ ತನ್ನ ಒಂದು ಕತೆಯನ್ನು ಮೊದಲು ಪತ್ರಗಳ ರೂಪದಲ್ಲಿ ಬರೆದಿದ್ದಳೆಂದು ಆಕೆಯ ಮನೆಯವರು ಹೇಳಿದ್ದಾರೆ. ಆದರೆ ಅದರ ನಾಯಿಕೆಯರು ಒಂದೇ ಮನೆಯಲ್ಲಿರುವ ಅಕ್ಕತಂಗಿಯರು. ಒಬ್ಬರಿಗೊಬ್ಬರು ಪತ್ರ ಬರೆಯುವುದಾದರೂ ಏತಕ್ಕೆ? ಆಕೆ ಆ ರೂಪವನ್ನೇ ಬಿಟ್ಟು ಹೊಸದಾಗಿ ಬರೆದಳು. 1811ರಲ್ಲಿ ಅದು 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯಾಗಿ ಅಚ್ಚಾಯಿತು. ಬರೆದುದನ್ನು ಬಿಡುವ ಎದೆಗಾರಿಕೆ ನನಗಂತೂ ಇರಲಿಲ್ಲ.

ದಸರಾ ರಜೆಯಲ್ಲಿ ಮತ್ತೆ ಕುಳಿತೆ. ಊರಿಗೆ ಬೇರೆ ಹೆಸರಿಟ್ಟೆ. ಕೆರೆಯನ್ನು ಮೂಡಣಕ್ಕೆ ಸರಿಸಿದೆ. ವ್ಯಾಜ್ಯವನ್ನು ಈಗ ಹೇಳುತ್ತಿರುವವಳು ಕೆರೆಗೆ ಬಟ್ಟೆ ಒಗೆಯಲು ಬರುವ ವಿಧವೆಯೊಬ್ಬಳು. ಅವಳಿಗೆ ಎರಡು ಮನೆಯವರ ಗುಟ್ಟೂ ಗೊತ್ತು. ಐದನೆಯ ಪ್ರಕರಣ ಮುಗಿದಿದೆ. ಚಿಕ್ಕಪ್ಪನವರಿಗೆ ಇನ್ನೂ ತೋರಿಸಿಲ್ಲ.